ಮೂರನೇ ಮಷೀನಿನ ಹುಡುಗಿ

ರಿಬ್ಬನ್ನಿನ ಮಸಿ ಮತ್ತು ಮಷೀನ್ ಎಣ್ಣೆ ಕೂಡಿದ ವಾಸನೆ ಎಂದರೆ ಸುಮಲತಾಳಿಗೆ ಅಪ್ಪನ ಬೆರಳು. ಅಪ್ಪ ದ್ಯಾಮಣ್ಣ ಧಾರವಾಡದ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಟೈಪ್ ಮಷೀನು ಇಟ್ಟುಕೊಂಡು ಮಂದಿಯ ಅರ್ಜಿ, ಕರಾರುಪತ್ರ ಹೊಡೆದುಕೊಡುತ್ತಿದ್ದ. ಸಂಜೆ ಮನೆಗೆ ಬಂದು ಕಲ್ಲಿಗೆ ಹಚ್ಚಿ ತಿಕ್ಕಿ ತೊಳೆದರೂ ಬೆರಳ ತುದಿಯ ವಾಸನೆ ಹೋಗುತ್ತಿರಲಿಲ್ಲ. ಅದೇ ಬೆರಳಿನಿಂದ ರೊಟ್ಟಿ ಮುರಿದು, ಪಲ್ಯ ಹಚ್ಚಿ ಮಗಳ ಬಾಯಿಗೆ ಇಡುತ್ತಿದ್ದ. ಎಲ್ಲರ ಮನೆಯ ರೊಟ್ಟಿಯೂ ಹೀಗೆಯೇ ನಾರುತ್ತದೆ ಎಂದು ಅವಳು ಏಳು ವರ್ಷದವಳಾಗುವ ತನಕ ತಿಳಿದಿದ್ದಳು.

ಅಪ್ಪ ಮುದುಕನಾದ ಮೇಲೆ ಮೂರು ಮಷೀನು ಚಕ್ಕಡಿಯಲ್ಲಿ ಹೇರಿಕೊಂಡು ಬಿಳೇಕೊಪ್ಪಕ್ಕೆ ಬಂದ. ಹುಬ್ಬಳ್ಳಿಯಿಂದ ಉಣಕಲ್ ದಾಟಿ ಧಾರವಾಡದತ್ತ ಹೋಗುವ ರಸ್ತೆಯಿಂದ ಒಳಗೆ ಆರು ಕಿಲೋಮೀಟರ್, ದಿನಕ್ಕೆ ಎರಡು ಬಸ್ಸಿನ ಊರು ಅದು. ಬಿ.ಎ. ಮುಗಿಸಿದ್ದ ಸುಮಲತಾ ಮದುವೆಯ ಮಾತು ಎರಡು ಸಲ ಬಂದು ಎರಡು ಸಲ ಹೋದ ಮೇಲೆ ಮನೆಯ ಪಡಸಾಲೆಯಲ್ಲಿ ಟೈಪಿಂಗ್ ಕ್ಲಾಸು ಶುರು ಮಾಡಿದಳು. ಸುತ್ತ ಐದು ಹಳ್ಳಿಗಳಿಂದ ಹುಡುಗ ಹುಡುಗಿಯರು ನಡೆದು ಬರುತ್ತಿದ್ದರು. ಇಲ್ಲಿ ಕಲಿತವರು ಕೋರ್ಟಿನಲ್ಲಿದ್ದರು, ಬ್ಯಾಂಕಿನಲ್ಲಿದ್ದರು, ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಆಫೀಸಿನಲ್ಲಿದ್ದರು. ಎಲ್ಲರಿಗೂ ಅವಳು ಅಕ್ಕಾರು.

ಕ್ಲಾಸಿನ ಮೂರು ಕಟ್ಟಳೆ ಅಪ್ಪನಿಂದಲೇ ಬಂದವು. ಒಂದು, ಕೀಲಿ ನೋಡಬಾರದು. ಅದಕ್ಕಾಗಿ ಅವ್ವನ ಹಳೆಯ ಇಳಕಲ್ ಸೀರೆಯನ್ನು ಮೂರು ತುಂಡು ಮಾಡಿ ಒಂದೊಂದು ಮಷೀನಿಗೆ ಹೊದಿಸಿದ್ದ. ಕಲಿಯುವವರು ಆ ಬಟ್ಟೆಯ ಕೆಳಗೆ ಕೈ ತೂರಿಸಿ ಹೊಡೆಯಬೇಕು. ಎರಡು, ಒಂದು ಹಾಳೆಯೂ ಹಾಳಾಗಬಾರದು. ಸಾಲಿಯಿಂದ, ಪಂಚಾಯಿತಿಯಿಂದ ತಂದ ಹಳೆಯ ಕಾಗದಗಳ ಕಟ್ಟು ಮೂಲೆಯಲ್ಲಿರುತ್ತಿತ್ತು. ಅದರ ಖಾಲಿ ಬೆನ್ನಿನ ಮೇಲೆಯೇ ಎಲ್ಲರ ಅಭ್ಯಾಸ. ಮೂರು, ಕೊನೆಯ ಹತ್ತು ನಿಮಿಷ ಸ್ವಂತದ ಹಾಳೆ. ಮನಸ್ಸಿಗೆ ಬಂದದ್ದನ್ನು ಹೊಡೆಯಬಹುದು, ಅಕ್ಕಾರು ಅದನ್ನು ಓದಿ ತಪ್ಪು ಹೇಳಬೇಕು.

ಮಾಳವ್ವನ ಮಗಳ ಹೆಸರು ಇಂದು. ಹದಿನಾಲ್ಕನೇ ವಯಸ್ಸಿನಲ್ಲಿ ಅವಳು ಈ ಕ್ಲಾಸಿಗೆ ಬಂದಳು. ಬಂದಳೆಂದರೆ ಕಲಿಯಲು ಬಂದವಳಲ್ಲ. ಆರು ವರ್ಷದವಳಿದ್ದಾಗ ಮೈಮೇಲೆ ಗೊಬ್ಬರ, ಅಂದರೆ ದಡಾರ, ಎದ್ದು ಕಣ್ಣು ಹೋಗಿದ್ದವು. ತಾಯಿ ಬೇಲೂರಿನ ಕಾರ್ಖಾನೆಯೊಂದರ ಕ್ಯಾಂಟೀನಿಗೆ ರೊಟ್ಟಿ ಬಡಿಯಲು ಹೋದಾಗ ಹುಡುಗಿ ಅಕ್ಕಾರ ಕಟ್ಟೆಯ ಮೇಲೆ ಕುಳಿತು ಮಷೀನುಗಳ ಸಪ್ಪಳ ಕೇಳುತ್ತಿದ್ದಳು. ಒಂದು ದಿನ, ಎರಡನೇ ಮಷೀನಿನವನು ಜಾಗ ಬಿಡುವ ಕೀಲಿಯನ್ನು ಎರಡು ಸಲ ಒತ್ತುತ್ತಾನೆ ನೋಡ್ರಿ ಅಂದಳು. ಸುಮಲತಾ ಹೋಗಿ ನೋಡಿದರೆ ಹೌದು. ಮರುದಿನವೇ ಅವಳನ್ನು ಮೂರನೇ ಮಷೀನಿನ ಮುಂದೆ ಕೂರಿಸಿದಳು. ಬಟ್ಟೆಯ ಕೆಳಗೆ ಎಲ್ಲರೂ ಕುರುಡರೇ ಇದ್ದ ಕ್ಲಾಸು ಅದು. ಇಂದುವಿಗೆ ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಉಳಿದವರಿಗಿಂತ ಕಡಿಮೆಯೇ ಇತ್ತು. ಮೂರು ವರ್ಷದಲ್ಲಿ ಮೂರನೇ ಮಷೀನಿನಲ್ಲಿ ಕನ್ನಡ, ಎರಡನೆಯದರಲ್ಲಿ ಇಂಗ್ಲಿಷು ಕಲಿತಳು. ಸುಮಲತಾ ಬಾಯಿಬಿಟ್ಟು ಓದಬೇಕು, ಅವಳು ಹೊಡೆಯಬೇಕು. ಹೊಡೆದದ್ದನ್ನು ಸುಮಲತಾ ಮತ್ತೆ ಓದಬೇಕು, ಅವಳು ಕೇಳಬೇಕು. ಸರ್ಕಾರಿ ಪರೀಕ್ಷೆಯಲ್ಲಿ ಮಾತ್ರ ಮುಂದಿಟ್ಟ ಹಾಳೆ ನೋಡಿ ಹೊಡೆಯುವುದು ಕಡ್ಡಾಯ. ಹಾಗಾಗಿ ಇಂದುವಿಗೆ ಸರ್ಟಿಫಿಕೇಟು ಇರಲಿಲ್ಲ. ಅಕ್ಕಾರ ಧ್ವನಿ ಮಾತ್ರ ಇತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಂದು ಸಂಸ್ಥೆಯವರು ಬಿಳೇಕೊಪ್ಪದ ಹಳೆಯ ಚಾವಡಿಗೆ ಸುಣ್ಣ ಬಳಿಸಿ, ಮೆಟ್ಟಿಲಿನ ಬದಿಗೆ ಸಿಮೆಂಟಿನ ಇಳಿಜಾರು ಕಟ್ಟಿಸಿ, ಐದು ಕಂಪ್ಯೂಟರು ತಂದಿಟ್ಟರು. ಕಲಿಸಲು ನೇಮಕವಾದವಳು ನಿಶಾತ. ಉಣಕಲ್ ರಸ್ತೆಯ ಸ್ಕೂಟರ್ ಮೆಕ್ಯಾನಿಕ್ ಮೌಲಾಲಿಯ ಮಗಳು. ಹದಿನಾರನೇ ವಯಸ್ಸಿನಲ್ಲಿ ಇದೇ ಸುಮಲತಾಳ ಒಂದನೇ ಮಷೀನಿನಲ್ಲಿ ಕಲಿತು ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಆಮೇಲೆ ದೇಶಪಾಂಡೆ ನಗರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಿದ್ದಳು.

ಉದ್ಘಾಟನೆಯ ದಿನ ಸುಮಲತಾಳನ್ನು ಕರೆದಿದ್ದರು. ಎರಡನೇ ಸಾಲಿನಲ್ಲಿ ಕುರ್ಚಿ. ಭಾಷಣ ಮಾಡಿದವರು, ಈ ಭಾಗದ ಹಳ್ಳಿಯ ಮಕ್ಕಳಿಗೆ ಯಂತ್ರದ ಮುಂದೆ ಕುಳಿತು ವಿದ್ಯೆ ಕಲಿಯುವ ಅವಕಾಶ ಇದೇ ಮೊದಲು ಎಂದರು. ಸುಮಲತಾ ಕ್ಲಾಸು ನಡೆಸಿದ ಇಪ್ಪತ್ತೆರಡು ವರ್ಷ ಒಂದು ಕ್ಷಣದಲ್ಲಿ ಇಲ್ಲದಂತಾಯಿತು. ನಿಶಾತ ಮೈಕು ಹಿಡಿದು, ನನಗೆ ಮೊದಲು ಬೆರಳು ಇಡಲು ಕಲಿಸಿದವರು ಇಲ್ಲಿಯೇ ಕುಳಿತಿದ್ದಾರೆ ಎಂದು ಹೇಳತೊಡಗಿದಾಗ ಕರೆಂಟು ಹೋಯಿತು. ಮುಂದಿನ ಮಾತು ಮೊದಲೆರಡು ಸಾಲಿಗಷ್ಟೇ ಕೇಳಿಸಿತು. ಸುಮಲತಾ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮರುದಿನ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಅವಳ ಎಡಗೈ ಮಾತ್ರ ಕಾಣುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿದಳು.

ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಸುಮಲತಾ ಬೇರೆಯವರ ಬಗ್ಗೆ ಮಾತ್ರ ಬಳಸುತ್ತಿದ್ದಳು. ತನ್ನದಕ್ಕೆ ಬೇಸರ ಎಂದು ಹೆಸರಿಟ್ಟುಕೊಂಡಳು. ಆ ಬೇಸರ ಮುಂಜಾನೆ ಅವಳಿಗಿಂತ ಮೊದಲು ಏಳುತ್ತಿತ್ತು, ಚಹಾದ ಜೊತೆ ಕುದಿಯುತ್ತಿತ್ತು. ಇಪ್ಪತ್ತೆರಡು ಮಂದಿ ಇದ್ದ ಕ್ಲಾಸು ಮಳೆಗಾಲ ಮುಗಿಯುವುದರೊಳಗೆ ಖಾಲಿಯಾಯಿತು. ಒಬ್ಬ ಹೊಲದಲ್ಲಿ ಕೆಲಸ ಅಂದ. ಒಬ್ಬಳು ತಲೆನೋವು ಅಂದಳು. ಬೀರವ್ವನ ಮೊಮ್ಮಗಳು ಏನೂ ಹೇಳದೆ ತನ್ನ ಪುಸ್ತಕ ಬಿಟ್ಟೇ ಹೋದಳು. ಎಲ್ಲರ ಚಪ್ಪಲಿಗಳೂ ಚಾವಡಿಯ ಬಾಗಿಲಲ್ಲಿ ಸಾಲಾಗಿ ಇರುತ್ತಿದ್ದವು. ಹಾಲು ತರಲು ಹೋಗುವಾಗ ಸುಮಲತಾಳಿಗೆ ಯಾವ ಚಪ್ಪಲಿ ಯಾರದೆಂದು ಗುರುತು ಸಿಗುತ್ತಿತ್ತು. ಆಮೇಲೆ ಹಾಲಿಗೆ ಸುತ್ತಿನ ದಾರಿ ಹಿಡಿದಳು.

ನಿಶಾತಳ ಮೇಲೆ ಅವಳ ಮನಸ್ಸಿನಲ್ಲಿ ಒಂದು ದೊಡ್ಡ ಪಟ್ಟಿಯೇ ಬೆಳೆಯಿತು. ಅವಳ ಸ್ಕೂಟಿ, ಅವಳ ನಗು, ಮಕ್ಕಳನ್ನು ಹೋಗ್ರಿ ಬರ್ರಿ ಎಂದು ಮಾತಾಡಿಸುವ ರೀತಿ, ಎಲ್ಲವೂ ಅದರಲ್ಲಿ ಸೇರಿದವು. ಪಟ್ಟಿಯ ತುದಿಯಲ್ಲಿ ಒಂದು ಸ್ಟೀಲಿನ ಡಬ್ಬಿಯೂ ಇತ್ತು. ಎಂಟು ವರ್ಷದ ಹಿಂದೆ ಧಾರವಾಡದಲ್ಲಿ ಸೀನಿಯರ್ ಪರೀಕ್ಷೆಯ ದಿನ ನಿಶಾತ ತನ್ನ ಬುತ್ತಿಯನ್ನು ಬಸ್ಸಿನಲ್ಲೇ ಮರೆತಿದ್ದಳು. ಸುಮಲತಾ ತನ್ನ ಡಬ್ಬಿ ಅವಳ ಕೈಗಿಟ್ಟು, ಇವತ್ತ ನಂದು ಒಪ್ಪತ್ತು ಐತಿ, ನೀ ಉಣ್ಣು ಎಂದಿದ್ದಳು. ಹುಡುಗಿ ಡಬ್ಬಿ ತೊಳೆದು ಕೊಡುತ್ತೇನೆಂದು ಮನೆಗೆ ಒಯ್ದವಳು ತಿರುಗಿ ಕೊಡಲಿಲ್ಲ. ಮುಚ್ಚಳದ ಮೇಲೆ ದ್ಯಾಮಣ್ಣ ಎಂದು ಹೆಸರು ಕೊರೆದ ಡಬ್ಬಿ. ಅಪ್ಪ ಕೋರ್ಟಿಗೆ ಒಯ್ಯುತ್ತಿದ್ದದ್ದು. ಎಂಟು ವರ್ಷ ಅದರ ನೆನಪೂ ಬಂದಿರಲಿಲ್ಲ. ಈಗ ದಿನಾ ಬರುತ್ತಿತ್ತು. ನನ್ನ ಹುಡುಗರನ್ನು ಒಯ್ದಳು, ಅದಕ್ಕೂ ಮೊದಲು ಅಪ್ಪನ ಡಬ್ಬಿ ನುಂಗಿದಳು ಎಂದು ಒಬ್ಬಳೇ ಕುಳಿತು ಅಂದುಕೊಳ್ಳುವಾಗ ಒಂದು ಬಗೆಯ ಸಮಾಧಾನವಿತ್ತು.

ಉಳಿದವಳು ಇಂದು ಒಬ್ಬಳೇ. ಅವಳಾದರೂ ಎಲ್ಲಿಗೆ ಹೋದಾಳು, ಕಂಪ್ಯೂಟರೆಂದರೆ ನೋಡುವ ವಸ್ತು ಎಂದು ಸುಮಲತಾ ಧೈರ್ಯ ತಂದುಕೊಂಡಿದ್ದಳು. ಆದರೆ ಒಂದು ಸಂಜೆ ಇಂದು ಬಟ್ಟೆಯ ಕೆಳಗೆ ಕೈ ಇಟ್ಟುಕೊಂಡೇ ಹೇಳಿದಳು.

"ಚಾವಡ್ಯಾಗಿಂದು ಸಪ್ಪಳ ಭಾಳ ಮೆತ್ತಗ ಐತ್ರಿ ಅಕ್ಕಾರ. ಜ್ವಾಳದ ಕಾಳು ಒಂದೊಂದು ಬುಟ್ಟ್ಯಾಗ ಬಿದ್ದಂಗ."

"ನೀ ಯಾವಾಗ ಕೇಳ್ದಿ?"

"ಗ್ವಾಡಿ ಹಿಂದ ನಿಂತಿದ್ದೆರಿ. ನಿಶಾತಕ್ಕ ಹೊಡ್ಯಾಕತ್ತಿದ್ಲು. ಅಕಿ ಕೈ ಗೊತ್ತಾಗ್ತೈತ್ರಿ, ನಿಮ್ಮ ಕೈ ಇದ್ದಂಗs ಓಡ್ತೈತಿ."

ಹೊಗಳಿಕೆಯೋ ಚುಚ್ಚುಮಾತೋ ಸುಮಲತಾಳಿಗೆ ತಿಳಿಯಲಿಲ್ಲ. ಅವತ್ತಿನ ಹಾಳೆಯಲ್ಲಿ ಇಲ್ಲದ ಎರಡು ತಪ್ಪು ಹೇಳಿದಳು. ಇಂದು ಆ ಸಾಲುಗಳನ್ನು ಮತ್ತೆ ಹೊಡೆದಳು.

ಅದಾಗಿ ವಾರಕ್ಕೆ ನಿಶಾತಳೇ ಬಂದಳು. ಚಪ್ಪಲಿ ಕಳಚಿ, ಮೊದಲಿನಂತೆ ಒಂದನೇ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಕೈಯಲ್ಲಿ ದಪ್ಪ ಹಾಳೆಯ ಒಂದು ಪತ್ರ. ಹುಬ್ಬಳ್ಳಿಯ ಸಂಸ್ಥೆಗೆ ಮಾತಾಡುವ ಕಂಪ್ಯೂಟರು ಬಂದಿದೆಯಂತೆ. ಒತ್ತಿದ ಅಕ್ಷರವನ್ನು ಅದೇ ಬಾಯಿಬಿಟ್ಟು ಹೇಳುತ್ತದೆ, ಬರೆದ ಪುಟವನ್ನು ಅದೇ ಓದುತ್ತದೆ. ಕಣ್ಣಿಲ್ಲದವರಿಗೆ ದೇಶಪಾಂಡೆ ನಗರದಲ್ಲಿ ಮೂರು ತಿಂಗಳ ತರಬೇತಿ, ಇರಲು ಹಾಸ್ಟೆಲು. ಹಳ್ಳಿಗಳ ಕಡೆಯಿಂದ ಒಬ್ಬರನ್ನೇ ತೆಗೆದುಕೊಳ್ಳುತ್ತಾರೆ. ಕೀಲಿಮಣೆ ಕೈಗೆ ಬಂದಿರಬೇಕು, ಅದಕ್ಕೊಂದು ಪರೀಕ್ಷೆ. ಕಲಿತು ಬಂದರೆ ಚಾವಡಿಯಲ್ಲಿ ತನ್ನ ಜೊತೆ ಕಲಿಸಲೂಬಹುದು. ನಿಶಾತ ಇಷ್ಟನ್ನೂ ನಿಧಾನವಾಗಿ ಹೇಳಿದಳು.

"ಇಂದೂಗ ನೀನs ಹೇಳಬೇಕಿತ್ತಲ್ಲ" ಎಂದಳು ಸುಮಲತಾ.

"ನಿಮ್ಮ ಹುಡುಗಿರಿ ಅಕಿ. ನಿಮ್ಮನ್ನ ಕೇಳಲಾರ್ದ ನಾ ಹೆಂಗ ಕರೀಲಿ? ನೀವು ಹೂಂ ಅಂದ್ರ ಮುಂದಿಂದು."

"ನಾ ಹೇಳ್ತೇನಿ ಬಿಡು."

ಪತ್ರ ಕೈಗಿಟ್ಟು ನಿಶಾತ ಹೋದಳು. ಅವಳು ನೇರವಾಗಿ ಮಾಳವ್ವನ ಮನೆಗೆ ಹೋಗಿದ್ದರೆ ಐದು ನಿಮಿಷದ ಕೆಲಸವಿತ್ತು. ಆದರೆ ಗುರುವಿನ ಮುಂದೆ ಕುಳಿತ ಶಿಷ್ಯೆಯನ್ನು ಗುರುವನ್ನು ದಾಟಿ ಕರೆಯುವುದು ಆ ಸೀಮೆಯವರಿಗೆ ಮನೆಯೊಳಗೆ ಚಪ್ಪಲಿ ಮೆಟ್ಟಿ ಬಂದಂತೆ. ಸುಮಲತಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಪತ್ರವನ್ನು ಮೂಲೆಯ ಹಳೆಯ ಕಾಗದಗಳ ಕಟ್ಟಿನ ಅಡಿಗೆ ತಳ್ಳಿದಳು. ಹರಿದು ಹಾಕಲಿಲ್ಲ. ಹರಿದಿದ್ದರೆ ತಪ್ಪು ಮಾಡಿದಂತಾಗುತ್ತಿತ್ತು. ಕಟ್ಟಿನಲ್ಲಿ ಇಟ್ಟರೆ ಬರೀ ತಡ ಮಾಡಿದಂತೆ.

ಪೇಟೆಯಲ್ಲಿ ಒಬ್ಬಳೇ ಹುಡುಗಿ ಹೇಗೆ ಇದ್ದಾಳು ಎಂದು ತನಗೆ ತಾನೇ ಕೇಳಿಕೊಂಡಳು. ಮಾಳವ್ವ ಮಗಳನ್ನು ಬಿಟ್ಟು ಇದ್ದವಳಲ್ಲ ಎಂದುಕೊಂಡಳು. ಯಾವ ಕಾರಣವೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದದ್ದು ಒಂದೇ ಮಾತು. ಬರೆದ ಪುಟವನ್ನು ಅದೇ ಓದುತ್ತದೆ. ಮೂರು ವರ್ಷ ಆ ಹುಡುಗಿಯ ಪ್ರತಿಯೊಂದು ಪುಟವನ್ನು ಓದಿದವಳು ತಾನು. ಜ್ವರ ಬಂದಾಗಲೂ ಕೌದಿ ಹೊದ್ದುಕೊಂಡು ಓದಿದವಳು. ನಿಶಾತಳ ಮೇಲೆ ಇದ್ದ ಕಿಚ್ಚು ಈಗ ಒಂದು ಪೆಟ್ಟಿಗೆಯ ಧ್ವನಿಯ ಮೇಲೂ ಹೊತ್ತಿಕೊಂಡಿತು. ಆ ಧ್ವನಿಯನ್ನು ಅವಳಿನ್ನೂ ಕೇಳಿರಲೂ ಇಲ್ಲ.

ಹತ್ತು ದಿನ ಕಳೆದವು. ರಮ್‌ಜಾನ್ ತಿಂಗಳು ಶುರುವಾಯಿತು. ಒಂದು ಸಂಜೆ ಸುಮಲತಾ ಡಬ್ಬಿ ಕೇಳುವ ನೆವದಲ್ಲಿ ಚಾವಡಿಗೆ ಹೋದಳು. ನಿಜವಾಗಿ ಹೋದದ್ದು ನೋಡಿ ಬರಲಿಕ್ಕೆ. ನೋಡಿ ಖುಷಿಯೇ ಆಯಿತು. ತನ್ನ ಕ್ಲಾಸು ಬಿಟ್ಟವರೆಲ್ಲ ಎರಡೇ ಬೆರಳಿನಿಂದ, ಕೋಳಿ ಕಾಳು ಹೆಕ್ಕುವಂತೆ ಕುಕ್ಕುತ್ತಿದ್ದರು. ಬೆನ್ನು ಬಾಗಿ, ಮೂಗು ಕೀಲಿಗೆ ತಾಗುವಂತೆ. ಒಂದು ಕೀಲಿಮಣೆಯ ಮೇಲೆ ನಿಶಾತ ತನ್ನ ಹಳೆಯ ಓಢಣಿ ಹೊದಿಸಿದ್ದಳು. ಅಲ್ಲಿ ಕುಳಿತ ಹುಡುಗಿ ಅಳುಮೋರೆ ಮಾಡಿ ಅದನ್ನು ಸರಿಸಿ ಸರಿಸಿ ಇಣುಕುತ್ತಿತ್ತು. ಬಟ್ಟೆ ಹೊದಿಸಿದರೆ ಸಾಕೇ, ಹೊದಿಸಿದ ಮೇಲೆ ಎದುರು ಕುಳಿತು ಗದರುವ ಗುಂಡಿಗೆ ಬೇಕು ಎಂದುಕೊಂಡಳು ಸುಮಲತಾ.

ಆದರೆ ಇನ್ನೊಂದು ಕಡೆಯೂ ಕಣ್ಣು ಹೋಯಿತು. ಕಾಲಿಲ್ಲದ ದುರಗಪ್ಪ ತನ್ನ ಮೂರು ಗಾಲಿಯ ಸೈಕಲ್ಲನ್ನು ಇಳಿಜಾರಿನಲ್ಲಿ ಏರಿಸಿಕೊಂಡು ಸೀದಾ ಒಳಗೇ ಬಂದಿದ್ದ. ಊರಿನ ಬೇರೆ ಯಾವ ಕಟ್ಟಡದ ಒಳಗೂ ಅವನು ಹಾಗೆ ಕುಳಿತೇ ಬಂದದ್ದಿಲ್ಲ. ಅವನ ಟೇಬಲ್ಲಿಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದರು. ಅವನ ಮೊಣಕೈಯ ಕೆಳಗೆ ನಿಶಾತ ಒಂದು ಸಣ್ಣ ದಿಂಬು ಇಟ್ಟಳು. ಇಟ್ಟದ್ದು ಅವನಿಗೂ ತಿಳಿಯದ ಹಾಗೆ. ಸುಮಲತಾ ಮುಖ ಬೇರೆ ಕಡೆ ತಿರುಗಿಸಿದಳು. ಆದರೂ ಕಂಡದ್ದು ಕಂಡಿತ್ತು.

ಬಾಗಿಲಲ್ಲಿ ನಿಂತೇ ಡಬ್ಬಿ ಕೇಳಿದಳು. ನಿಶಾತಳ ಮುಖ ಕೆಂಪಾಯಿತು.

"ಐತ್ರಿ ಅಕ್ಕಾರ, ಜ್ವಾಕಿ ಇಟ್ಟೇನ್ರಿ. ಕೊಡ್ತೇನ್ರಿ, ಇನ್ನೊಂದು ಸ್ವಲ್ಪ ದಿವಸ."

"ಎಂಟ ವರ್ಷ ಸಾಲಲಿಲ್ಲೇನು?"

ನಿಶಾತ ಮಾತು ತಿರುಗಿಸಿ, ಹುಬ್ಬಳ್ಳಿಯ ತರಬೇತಿಗೆ ಇಂದು ಏನಂದಳು ಎಂದು ಕೇಳಿದಳು. ಪರೀಕ್ಷೆ ಬರುವ ಬುಧವಾರವೇ ಇತ್ತು.

"ಅವರವ್ವ ಇನ್ನೂ ವಿಚಾರ ಮಾಡಾಕತ್ತಾಳ" ಎಂದಳು ಸುಮಲತಾ.

ತಡ ಮಾಡುವುದು ಅಲ್ಲಿಗೆ ಮುಗಿದು ಸುಳ್ಳು ಶುರುವಾಯಿತು.

ಮಂಗಳವಾರ ಸಂಜೆ ಎಂದಿನಂತೆ ಇಂದು ಬಂದಳು. ಗೋಡೆ ಹಿಡಿಯದೆ ಮೂರನೇ ಮಷೀನಿಗೆ ಹೋಗಿ, ಬಟ್ಟೆ ನೇವರಿಸಿ ಕುಳಿತಳು. ಪಾಠ ಮುಗಿದು ಸ್ವಂತದ ಹಾಳೆಯ ಹೊತ್ತಾಯಿತು. ಕಾಗದದ ಕಟ್ಟು ಕರಗಿ ಅಡಿಯ ನಾಲ್ಕಾರು ಹಾಳೆ ಉಳಿದಿದ್ದವು. ಕ್ಲಾಸಿನಲ್ಲಿ ಒಬ್ಬಳೇ ಇದ್ದರೂ ದಿನಕ್ಕೆ ಐದಾರು ಹಾಳೆ ಖರ್ಚು ಮಾಡುವ ಹುಡುಗಿ ಅವಳು. ಸುಮಲತಾ ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದವಳು ತಲೆ ಎತ್ತುವುದರೊಳಗೆ ಇಂದು ಒಂದು ಹಾಳೆ ಎಳೆದುಕೊಂಡು, ಬೆರಳಿನಿಂದ ಎರಡೂ ಬದಿ ಸವರಿ, ಅಕ್ಷರದ ಒತ್ತು ಇಲ್ಲದ ಬದಿಯನ್ನು ಮೇಲೆ ಮಾಡಿ ಮಷೀನಿಗೆ ಸುತ್ತಿದ್ದಳು.

"ಛಲೋ ಹಾಳಿ ಐತ್ರಿ ಇದು. ದಪ್ಪಂದು" ಎಂದಳು.

ಸುಮಲತಾ ಕೈಯಲ್ಲಿದ್ದ ಬತ್ತಿ ಕೆಳಗಿಟ್ಟಳು. ಹಾಳೆ ಉರುಳೆಯ ಮೇಲಿಂದ ಏರುತ್ತ ಹೋದಂತೆ ಅದರ ಬೆನ್ನಿನಲ್ಲಿ ಸಂಸ್ಥೆಯ ಹೆಸರು, ತಾರೀಖು, ನಿಶಾತಳ ಸಹಿ ಒಂದೊಂದಾಗಿ ಬೆಳಕಿಗೆ ಬಂದವು. ಇಂದು ನಿಲ್ಲಿಸದೆ ಹೊಡೆದಳು. ಹತ್ತು ನಿಮಿಷಕ್ಕೆ ಸರಿಯಾಗಿ ಹಾಳೆ ಬಿಡಿಸಿ ಚಾಚಿದಳು.

"ಓದ್ರಿ ಅಕ್ಕಾರ."

ಓದದೆ ಇರುವಂತಿರಲಿಲ್ಲ. ಅದು ಕ್ಲಾಸಿನ ಕಟ್ಟಳೆ. ಸುಮಲತಾ ಓದತೊಡಗಿದಳು. ಪರೀಕ್ಷೆಗೆ ಕಲಿಸಿದ್ದ ಆಫೀಸು ಪತ್ರದ ನಮೂನೆಯಲ್ಲೇ ಇತ್ತು, ಸಾಲುಗಳು ನೂಲು ಹಿಡಿದಂತೆ ನೆಟ್ಟಗೆ.

"ಇವರಿಂದ, ಇಂದು, ಮೂರನೇ ಮಷೀನು. ಇವರಿಗೆ, ಸುಮಲತಾ ಅಕ್ಕಾರು, ಟೈಪಿಂಗ್ ಕ್ಲಾಸು, ಬಿಳೇಕೊಪ್ಪ. ವಿಷಯ, ಒಪ್ಪಿಗೆ ಕೋರುವ ಬಗ್ಗೆ. ಮಾನ್ಯರೇ, ನಾಳೆ ಹುಬ್ಬಳ್ಳಿಯಲ್ಲಿ ಪರೀಕ್ಷೆ ಇರುವುದಾಗಿ ತಿಳಿದುಬಂದಿದೆ. ನನ್ನ ತಾಯಿಯ ಒಪ್ಪಿಗೆ ಇದೆ. ತಮ್ಮ ಒಪ್ಪಿಗೆ ಇದ್ದಲ್ಲಿ ಹೋಗಿ ಬರುತ್ತೇನೆ. ಇಲ್ಲದಿದ್ದಲ್ಲಿ ನಾಳೆ ಎಂದಿನಂತೆ ಐದು ಗಂಟೆಗೆ ಕ್ಲಾಸಿಗೆ ಹಾಜರಾಗುತ್ತೇನೆ. ಇಂತಿ ತಮ್ಮ ವಿಧೇಯಳು."

ಕೊನೆಯ ಸಾಲಿಗೆ ಬರುವಾಗ ಅವಳ ಧ್ವನಿ ಎಂದಿನದಾಗಿರಲಿಲ್ಲ. ಇಂದು ಕಿವಿಗೊಟ್ಟು ಕೇಳುತ್ತಿದ್ದಳು.

"ತಪ್ಪ ಎಷ್ಟ ಬಂದಾವ್ರಿ?"

"ಒಂದೂ ಇಲ್ಲ." ಸುಮಲತಾ ಕೇಳಿದಳು. "ನಿನಗ ಯಾರು ಹೇಳಿದ್ರು?"

ಬೇಕೆಂದು ಹೇಳಿದವರು ಯಾರೂ ಅಲ್ಲ. ಸೋಮವಾರ ಮುಂಜಾನೆಯ ಬಸ್ಸಿನಲ್ಲಿ ನಿಶಾತ ಮಾಳವ್ವನನ್ನು ಕಂಡು, ವಿಚಾರ ಮಾಡಿದ್ರೇನ್ರಿ ಎಂದು ಕೇಳಿದ್ದಳಂತೆ. ಮಾಳವ್ವನಿಗೆ ತಲೆಬುಡ ತಿಳಿದಿರಲಿಲ್ಲ. ಆದರೆ ನಿಶಾತ ಅಕ್ಕಾರ ಹೆಸರು ತೆಗೆದದ್ದೇ ಅವಳಿಗೆ ಏನೋ ಹೊಳೆದು, ಹೌದವ್ವಾ, ಮಾಡಾಕತ್ತೇವಿ ಎಂದು ಅಂದುಬಿಟ್ಟಳು. ಅಕ್ಕಾರು ಸುಳ್ಳು ಹೇಳಿದಂತಾಗಬಾರದೆಂದು. ಬಸ್ಸು ಇಳಿಯುವುದರೊಳಗೆ ಉಳಿದದ್ದನ್ನು ಮೆಲ್ಲಗೆ ಕೇಳಿ ತಿಳಿದುಕೊಂಡಿದ್ದಳು.

"ಅವ್ವ ಅಂದ್ಲು, ಅಕ್ಕಾರು ಸುಮ್ಮನದಾರಂದ್ರ ಅವರ ಮನಸ್ಸಿಗೆ ಏನೋ ತ್ರಾಸ ಆಗೈತಿ, ನೀ ಬಾಯಿಬಿಟ್ಟು ಕೇಳಬ್ಯಾಡ ಅಂತ. ಅದಕ್ಕ ಹೊಡದು ಕೇಳಿದ್ನಿರಿ."

ಸುಮಲತಾ ಎದ್ದು ಹೋಗಿ ನೀರು ಕುಡಿದು ಬಂದಳು. ಕಿಚ್ಚು ಆರಿತ್ತೇ ಎಂದರೆ ಇಲ್ಲ. ಈ ಹುಡುಗಿಯನ್ನು ಕೊಟ್ಟು ಬರಬೇಕಲ್ಲ ಎಂದು ಅದು ಇನ್ನೂ ಜೋರಾಗಿಯೇ ಉರಿಯುತ್ತಿತ್ತು. ಆದರೆ ಅಪ್ಪ ಕೋರ್ಟಿನ ಗಿಡದ ಕೆಳಗೆ ಎಷ್ಟೋ ಮಂದಿಯ ಅರ್ಜಿ ಹೊಡೆದುಕೊಟ್ಟವನು. ಬಂದ ಅರ್ಜಿಯನ್ನು ಹಾಗೇ ಇಟ್ಟುಕೊಂಡು ಕುಳಿತುಕೊಳ್ಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ನಾಳೆ ಏಳೂವರೆ ಬಸ್ಸಿಗೆ ತಯಾರಾಗು" ಎಂದಳು. "ಉಗುರು ತಕ್ಕೊಂಡು ಬಾ."

ಬುಧವಾರ ಬಸ್ಸಿನಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಉಣಕಲ್ ಕೆರೆಯ ತಂಪು ಗಾಳಿ ಕಿಟಕಿಯಿಂದ ಬಂದಾಗ ಇಂದು, ಕೆರಿ ಬಂತೇನ್ರಿ ಎಂದಳು. ಸುಮಲತಾ ಹೂಂ ಎಂದಳು. ಇಂದುವಿನ ಕೈಗಳು ಅವಳ ಮಡಿಲಲ್ಲಿ ಸುಮ್ಮನಿರದೆ ಇಲ್ಲದ ಕೀಲಿಗಳನ್ನು ಒತ್ತುತ್ತಿದ್ದವು. ಗಡಿಬಿಡಿಯಲ್ಲಿ ಸುಮಲತಾ ಬುತ್ತಿ ಕಟ್ಟಿಕೊಂಡಿರಲಿಲ್ಲ. ಇಂದುವಿನ ಚೀಲದಲ್ಲಿ ಮಾಳವ್ವ ಕಟ್ಟಿದ ಎರಡು ರೊಟ್ಟಿ ಇದ್ದವು, ಅವು ಹುಡುಗಿಗೇ ಬೇಕು.

ದೇಶಪಾಂಡೆ ನಗರದ ಆ ಕಟ್ಟಡದ ಬಾಗಿಲಲ್ಲಿ ನಿಶಾತ ಕಾಯುತ್ತ ನಿಂತಿದ್ದಳು. ಅರ್ಜಿಯ ಜೊತೆ ಹುಡುಗಿ ಹೊಡೆದ ಒಂದು ಹಾಳೆ ಕೊಡಬೇಕೆಂದಳು. ಸುಮಲತಾ ಚೀಲದಿಂದ ಆ ದಪ್ಪ ಹಾಳೆಯನ್ನೇ ತೆಗೆದು ಕೊಟ್ಟಳು. ಬೇರೆ ಹಾಳೆ ತರಬಹುದಿತ್ತು, ಇಂದು ಹೊಡೆದವು ಮನೆಯಲ್ಲಿ ನೂರಾರಿದ್ದವು. ನಿಶಾತ ಒಂದು ಬದಿ ಓದಿದಳು. ತಿರುವಿ ಇನ್ನೊಂದು ಬದಿ ನೋಡಿದಳು. ತನ್ನದೇ ಸಹಿ. ಎಲ್ಲವೂ ತಿಳಿಯಲು ಅಷ್ಟು ಸಾಕಿತ್ತು. ಸುಮಲತಾ ಅವಳ ಬಾಯಿಂದ ಬರುವ ಮಾತಿಗೆ ಸಿದ್ಧಳಾಗಿ ನಿಂತಳು.

ನಿಶಾತ ಟೈಪ್ ಮಾಡಿದ ಬದಿಯನ್ನು ಮೇಲೆ ಮಾಡಿ ಅದನ್ನು ಫೈಲಿನಲ್ಲಿಟ್ಟು ಟ್ಯಾಗು ಹಾಕಿದಳು. "ಸಾಲಿನ ಇಂಡೆಂಟು ಎಷ್ಟ ಛಂದ ಬಿಟ್ಟಾಳ್ರಿ" ಎಂದಷ್ಟೇ ಅಂದು ಇಂದುವಿನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನಿಂದ ಎಲ್ಲ ಕಾಣುತ್ತಿತ್ತು. ಇಂದು ಕೀಲಿಮಣೆಯ ಮೇಲೆ ಒಂದು ಸಲ ಅಂಗೈ ಆಡಿಸಿದಳು, ಹೊಸ ಸೊಸೆ ಮನೆಯ ಗೋಡೆ ಮುಟ್ಟಿ ನೋಡುವ ಹಾಗೆ. ಬೆರಳು ತಮ್ಮ ಜಾಗ ತಾವೇ ಹುಡುಕಿಕೊಂಡವು. ಮೊದಲ ಅಕ್ಷರ ಒತ್ತಿದಾಗ ಕಂಪ್ಯೂಟರು ಮಾತಾಡಿತು. ನೆಗಡಿಯಾದ ಗಂಡಸಿನಂಥ ಧ್ವನಿ, ಇಂಗ್ಲಿಷು. ಸುಮಲತಾಳಿಗೆ ಒಂದು ಕ್ಷಣ ಸಮಾಧಾನವೆನಿಸಿತು. ಇಷ್ಟೇನಾ, ಇದಕ್ಕೆ ಒಂದು ರಾಗವಿಲ್ಲ, ಒಂದು ಬಿಗುವು ಇಲ್ಲ.

ಆದರೆ ಆಗಲೇ ಇಂದು ನಕ್ಕಳು. ಮೂರು ವರ್ಷದಲ್ಲಿ ಸುಮಲತಾ ಆ ನಗೆಯನ್ನು ನೋಡಿರಲಿಲ್ಲ. ಹುಡುಗಿ ಇನ್ನೊಂದು ಅಕ್ಷರ ಒತ್ತಿದಳು, ಕೇಳಿದಳು. ಒಂದನ್ನು ಬೇಕೆಂದೇ ತಪ್ಪು ಒತ್ತಿದಳು, ಅದು ತಪ್ಪನ್ನೇ ಹೇಳಿತು, ಅಳಿಸಿದಳು. ಯಾರಿಗೂ ಕಾಯದೆ, ಯಾರಿಗೂ ಓದ್ರಿ ಎನ್ನದೆ, ತನ್ನ ತಪ್ಪು ತಾನೇ ಕಂಡುಹಿಡಿದು ತಿದ್ದುತ್ತಿದ್ದಳು. ಆಮೇಲೆ ಬೆರಳು ಓಡತೊಡಗಿದವು. ಕೋಣೆಯಲ್ಲಿದ್ದ ಇಬ್ಬರು ಪರೀಕ್ಷಕರು ಎದ್ದು ಬಂದು ಅವಳ ಹಿಂದೆ ನಿಂತರು. ಅಷ್ಟು ವೇಗಕ್ಕೆ ಅಕ್ಷರ ಹೇಳಲಾರದೆ ಧ್ವನಿ ತೊದಲುವುದು ಹೊರಗೂ ಕೇಳಿಸುತ್ತಿತ್ತು. ಸುಮಲತಾ ಬೆಂಚಿನ ಅಂಚು ಹಿಡಿದು ಕುಳಿತಳು. ಹೆಮ್ಮೆ ಬಂದಿತ್ತು. ಅದರ ಪಕ್ಕದಲ್ಲೇ, ಜಾಗ ಬಿಡದೆ, ಆ ಧ್ವನಿಯ ಮೇಲಿನ ಮತ್ಸರವೂ ಕುಳಿತಿತ್ತು.

ಮಧ್ಯಾಹ್ನ ಒಂದಕ್ಕೆ ಹೇಳಿದರು. ಬಂದ ಎಂಟು ಜನರಲ್ಲಿ ಇಂದುವನ್ನು ಆರಿಸಿದ್ದರು. ಸೋಮವಾರದಿಂದ ಹಾಸ್ಟೆಲಿಗೆ ಬರಬೇಕು. ಸೋಮವಾರ ಸಂಜೆ ಐದಕ್ಕೆ ಮೂರು ಮಷೀನುಗಳೂ ಬಟ್ಟೆ ಹೊದ್ದು ಸುಮ್ಮನಿರುತ್ತವೆ, ಸುಮಲತಾ ಮೊದಲು ಲೆಕ್ಕ ಹಾಕಿದ್ದು ಅದನ್ನೇ. ಇಂದು ಒಳಗೆ ಯಾರಿಗೋ ಇಳಕಲ್ ಸೀರೆಯ ಬಟ್ಟೆಯ ಕಥೆ ಹೇಳುತ್ತಿದ್ದಳು. ಅವರು ನಗುತ್ತಿದ್ದರು. ಅಕ್ಕಾರು ಎಂಬ ಶಬ್ದ ಎರಡು ಸಲ ಕೇಳಿಸಿತು.

ನಿಶಾತ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ರೋಜಾದ ಉಪವಾಸಕ್ಕೆ ಅವಳ ತುಟಿ ಒಣಗಿತ್ತು. ಹೆಗಲ ಚೀಲದಿಂದ ಬಿಳಿ ಅರಿವೆಯಲ್ಲಿ ಕಟ್ಟಿದ ಒಂದು ಗಂಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಅಮ್ಮಿ ಅಂತಿದ್ಲು, ಖಾಲಿ ಡಬ್ಬಿ ಹೆಂಗ ತಿರುಗಿ ಕೊಡೋದು ಅಂತ" ಎಂದು ನೆಲ ನೋಡುತ್ತ ಹೇಳಿದಳು. "ತುಂಬಿ ಕೊಡಬೇಕಂದ್ರ, ನೀವು ತತ್ತಿ ಸೈತ ಮುಟ್ಟದ ಮನಿಯವರು. ನಮ್ಮ ಒಲಿ ಮ್ಯಾಲಿಂದು ಉಣ್ತೀರೋ ಇಲ್ಲೋ ಅಂತ ಧೈರ್ಯ ಆಗಲಿಲ್ರಿ. 'ಒಲ್ಲೆ' ಅಂದ್ರ ನಿಮಗೂ ಕಷ್ಟ, ನಮಗೂ ಕಷ್ಟ. ಹಂಗs ಎಂಟ ವರ್ಷ ಗ್ವಾಡಿ ಮಾಡದಾಗ ಕುಂತತ್ರಿ. ತಿಂಗಳಿಗೊಮ್ಮೆ ಅಮ್ಮಿ ತಿಕ್ಕಿ ಇಡ್ತಾಳ."

ಸುಮಲತಾ ಗಂಟಿನತ್ತ ನೋಡಿದಳು. ಪಟ್ಟಿಯ ತುದಿಯಲ್ಲಿದ್ದ ಡಬ್ಬಿ ಅದು.

"ಇವತ್ತ ನೀವು ಬಂದs ಬರ್ತೀರಿ ಅಂತ ಗೊತ್ತಿತ್ರಿ" ಎಂದಳು ನಿಶಾತ. "ಪರೀಕ್ಷಾ ದಿವಸ ನೀವು ಹುಡುಗ್ರನ್ನ ಒಬ್ಬರನs ಬಿಡೋದಿಲ್ಲ. ಮತ್ತ ಅವತ್ತು ನಿಮ್ಮ ಒಪ್ಪತ್ತು ಇದ್ದಿದ್ದಿಲ್ರಿ ಅಕ್ಕಾರ. ನಾ ಪರೀಕ್ಷಾ ಮುಗಿಸಿ ಬಂದಾಗ ನೀವು ಬಸ್‌ಸ್ಟ್ಯಾಂಡಿನ ಹಿಂದ ನಿಂತು ಚುರುಮರಿ ತಿನ್ನಾಕತ್ತಿದ್ರಿ. ನಾ ನೋಡಿ ಹಿಂದಕ್ಕ ಸರದ್ನಿ."

ಸುಮಲತಾ ಸೆರಗಿನಿಂದ ಮೂಗು ಒರೆಸಿಕೊಂಡಳು. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ, ಎರಡನ್ನೂ ಅಲ್ಲೇ ತಡೆದಳು.

ನಿಶಾತ ಗಂಟು ಬಿಚ್ಚಿದಳು. ಸ್ಟೀಲಿನ ಡಬ್ಬಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮುಚ್ಚಳದ ಮೇಲಿನ ಅಪ್ಪನ ಹೆಸರು ತಿಕ್ಕಿ ತಿಕ್ಕಿ ಸ್ವಲ್ಪ ಸವೆದಿತ್ತು. ಒಳಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಮೂಲೆಯಲ್ಲಿ ಶೇಂಗಾ ಚಟ್ನಿ. ಅವಳು ಮುಚ್ಚಳ ಮತ್ತೆ ಹಾಕಿ, ಎರಡೂ ಕೈಯಿಂದ ಅದನ್ನು ಅಕ್ಕಾರ ಕೈಗಿಟ್ಟಳು.

"ಉಪ್ಪು ನೋಡಿಲ್ರಿ" ಎಂದು ಮೆಲ್ಲಗೆ ಹೇಳಿದಳು. "ನಂದು ಖರೇನs ಉಪಾಸ ಐತಿ."